ಗೇರ್‌ಬಾಕ್ಸ್ ಒಳಗಿನ ಟೀಚರಮ್ಮ

ಮನುಷ್ಯರು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಎದುರುಮನೆಯ ನಿಧಾನಪ್ಪನಿಗೆ ಮಾತ್ರ ಉತ್ತರ ಖಚಿತವಾಗಿ ಗೊತ್ತಿತ್ತು: ಗೇರ್‌ಬಾಕ್ಸಿಗೆ. ಬೇರೆಯವರ ವಿಷಯ ಅವನಿಗೆ ಬೇಕಿರಲಿಲ್ಲ. ತನ್ನ ಹೆಂಡತಿ ಅಲ್ಲಿದ್ದಾಳೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಿಧಾನಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ, ನಮ್ಮ ಬೀದಿ ಇಟ್ಟದ್ದು. ನೀರಿನ ಮೀಟರ್ ಓದುವುದು ಅವನ ಉದ್ಯೋಗ. ಒಂದು ಮನೆಗೆ ಹೋದರೆ ಬಗ್ಗಿ, ಕನ್ನಡಕ ಒರೆಸಿ, ಅಂಕಿ ಓದಿ, ಅನುಮಾನ ಬಂದು ಮತ್ತೆ ಕನ್ನಡಕ ಒರೆಸಿ ಓದುವಷ್ಟರಲ್ಲಿ ಆ ಮನೆಯವರು ಇನ್ನೆರಡು ಬಕೆಟ್ ನೀರು ಹಿಡಿದು ಅಂಕಿಯೇ ಬದಲಾಗಿರುತ್ತಿತ್ತು. ಆಗ ಅವನು ಮೊದಲಿನಿಂದ ಶುರುಮಾಡುತ್ತಿದ್ದ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತನಾದವನು, ಕಂಡವರಲ್ಲಿ ತಪ್ಪು ಹುಡುಕದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಆದರೆ ಅವನಲ್ಲಿ ತಪ್ಪು ಹುಡುಕಲು ಹೊರಟರೆ ನನಗೇ ಸುಸ್ತಾಗುತ್ತಿತ್ತು.

ಅವನ ಹೆಂಡತಿ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್. ಬೀದಿಗೆಲ್ಲ ಟೀಚರಮ್ಮ. ಅವರಿಗೆ ನಡೆಯುವುದು ಗೊತ್ತಿರಲಿಲ್ಲ, ಓಡುವುದೇ ಗೊತ್ತಿದ್ದದ್ದು. ಮೈದಾನದಲ್ಲಿ ವರ್ಷಗಟ್ಟಲೆ ಓಡಿ ಎಡಮಂಡಿ ಸವೆದುಹೋಗಿ, ಕ್ಲಚ್ ಒತ್ತುವುದು ಆಗದಾದಾಗ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿ ಕೊಂಡರು. ಅದಕ್ಕೆ ಬಲಗಾಲೊಂದೇ ಸಾಕು. ಆ ಒಂದು ಕಾಲಿನಲ್ಲಿ ಅವರು ಎರಡು ಕಾಲಿನ ಒತ್ತಡ ಹಾಕುತ್ತಿದ್ದರು. ಬೆಳಿಗ್ಗೆ ಅವರ ಗಾಡಿ ಚೀರಿಕೊಂಡು ಹೊರಟರೆ ನಮ್ಮ ಮನೆಯ ಕಿಟಕಿ ಗಾಜು ನಡುಗುತ್ತಿತ್ತು. ಪಕ್ಕದ ಸೀಟಿನಲ್ಲಿ ನಿಧಾನಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದ.

"ಕಣ್ ಬಿಡ್ರೀ! ನೀವು ಮುಚ್ಚಿದ್ರೆ ಎದುರಿನ ಲಾರಿ ಮಾಯ ಆಗುತ್ತಾ?" ಎಂದು ಟೀಚರಮ್ಮ ಗದರುವುದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಅಂಥವರು ಒಂದು ದಿನ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಒಂದು ನಿಮಿಷ ಕೂರುತ್ತೇನೆ ಎಂದು ಕೂತವರು ಏಳಲಿಲ್ಲ. ತಾವು ಹೇಳುವವರೆಗೆ ಅಲ್ಲಾಡಬಾರದೆಂದು ಕಲಿಸಿದ್ದರಲ್ಲ, ಮಕ್ಕಳು ಬಹಳ ಹೊತ್ತು ಸಾಲು ಕೆಡಿಸದೆ ನಿಂತೇ ಇದ್ದರಂತೆ.

ಮನೆಯಲ್ಲಿ ಉಳಿದದ್ದು ನಿಧಾನಪ್ಪ, ಟೀಚರಮ್ಮನ ತಾಯಿ ಮತ್ತು ಗಾಡಿ. ಅತ್ತೆ ಮೊದಲೇ ಮಿತಭಾಷಿ. ಮಗಳು ಹೋದ ಮೇಲೆ ಅವರ ಮಾತು "ಊಟಕ್ಕೆ ಬನ್ನಿ ಅಳಿಯಂದ್ರೇ" ಎಂಬಲ್ಲಿಗೆ ಬಂದು ನಿಂತಿತು. ಅಳಿಯ "ಬಂದೆ ಅತ್ತೆ" ಎನ್ನುತ್ತಿದ್ದ. ಇಡೀ ದಿನಕ್ಕೆ ಆ ಮನೆಯ ಸಂಭಾಷಣೆ ಇಷ್ಟೇ.

ಗಾಡಿ ಓಡಿಸುವ ಲೈಸೆನ್ಸ್ ನಿಧಾನಪ್ಪನಿಗೆ ಇತ್ತು. ಟೀಚರಮ್ಮ ಒತ್ತಾಯ ಮಾಡಿ ಕೊಡಿಸಿದ್ದರು, ಆದರೆ ಸ್ಟಿಯರಿಂಗ್ ಒಂದು ದಿನವೂ ಕೊಟ್ಟಿರಲಿಲ್ಲ. ಈಗ ಅವನೇ ಓಡಿಸತೊಡಗಿದ. ಗಾಡಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಯಾರೋ ಹಿಂದಿನಿಂದ ಕುತ್ತಿಗೆ ಹಿಡಿದು ದೂಡಿದ ಹಾಗೆ ಜಗ್ಗುತ್ತಿತ್ತು. ಕೆಲವೊಮ್ಮೆ ಮೂರರಲ್ಲೇ ಕಚ್ಚಿಕೊಂಡು, ಏನು ಮಾಡಿದರೂ ಬೇರೆ ಗೇರಿಗೆ ಬರುತ್ತಿರಲಿಲ್ಲ. ಪಾಪ, ಗಾಡಿಯನ್ನು ಎಲೆಕ್ಟ್ರಿಷಿಯನ್ ಬಳಿ ಒಯ್ದ.

ನಮ್ಮೂರಿನ ಈ ಎಲೆಕ್ಟ್ರಿಷಿಯನ್ ಸಾಮಾನ್ಯ ಆಸಾಮಿಯಲ್ಲ. ಅಂಗಡಿಯ ಬೋರ್ಡಿನ ಮೇಲೆ "ವಾಹನಗಳ ನರರೋಗ ತಜ್ಞ" ಎಂದು ಬರೆಸಿಕೊಂಡಿದ್ದ. ವೈರುಗಳೆಂದರೆ ನರಗಳು, ಅವನು ತಜ್ಞ, ಹಾಗೆ ಲೆಕ್ಕ. ಅವತ್ತು ಬೇರೊಂದು ಗಾಡಿಯ ಕೆಳಗೆ ಮಲಗಿದ್ದವನು ಎದ್ದು ಬಾನೆಟ್ ತೆರೆಯಲು ಸೋಮಾರಿತನವಾಗಿ, ಮಲಗಿದಲ್ಲಿಂದಲೇ ಪಾಂಡಿತ್ಯ ಸುರಿಸಿದ.

"ಇದರ ಗೇರ್‌ಬಾಕ್ಸಿಗೆ ಒಂದು ಕಂಪ್ಯೂಟರ್ ಡಬ್ಬಿ ಇರುತ್ತೆ ಸಾರ್. ಓಡಿಸೋರ ಕಾಲನ್ನ ಅದು ಕಲ್ತ್ಕೊಳ್ಳುತ್ತೆ. ಯಾರು ಮೆಲ್ಲಗೆ ಒತ್ತಾರೆ, ಯಾರು ಜೋರಾಗಿ ಒತ್ತಾರೆ, ಎಲ್ಲಾ ನೆನಪಿಟ್ಕೊಂಡು ಹಾಗೇ ಗೇರ್ ಹಾಕುತ್ತೆ. ಇಷ್ಟು ವರ್ಷ ಅಮ್ಮಾವ್ರು ಓಡಿಸಿದಾರೆ. ಡಬ್ಬಿ ತುಂಬ ಅಮ್ಮಾವ್ರೇ ಇದಾರೆ! ನಿಮ್ಮ ಕಾಲು ಅದಕ್ಕೆ ಒಗ್ತಿಲ್ಲ, ಅಷ್ಟೇ."

"ಅವಳು... ಇದ್ರಲ್ಲಿ ಇದಾಳಾ?"

"ಹೂಂ ಮತ್ತೆ! ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ರೆ ಎಲ್ಲಾ ಅಳಿಸಿಹೋಗುತ್ತೆ, ಗಾಡಿ ಹೊಸದಾಗಿ ಕಲಿಯುತ್ತೆ. ಬಿಚ್ಲಾ?"

ನಿಧಾನಪ್ಪ ಜೀವಮಾನದಲ್ಲಿ ಮೊದಲ ಸಲ ಅವಸರ ಮಾಡಿದ. ನರತಜ್ಞ ಗಾಡಿಯಡಿಯಿಂದ ತೆವಳಿಕೊಂಡು ಹೊರಬರುವಷ್ಟರಲ್ಲಿ ಗಾಡಿ ಅಂಗಡಿಯ ಮುಂದೆ ಇರಲಿಲ್ಲ.

ಆವತ್ತಿನಿಂದ ಅವನ ಮುಖದಲ್ಲಿ ಕಳೆ ಬಂತು. ದಿನಾ ಸಂಜೆ ಕೆಲಸದಿಂದ ಬಂದವನೇ ಗಾಡಿ ತೆಗೆದು ಒಂದು ಸುತ್ತು ಹೋಗಿಬರುತ್ತಿದ್ದ. ಒಮ್ಮೆ ನನ್ನನ್ನೂ ಕೂರಿಸಿಕೊಂಡು ಹೋದ. ಗಾಡಿ ಜಗ್ಗಿತು, ನನ್ನ ಹಣೆ ಮುಂದಿನ ಗಾಜಿಗೆ ಬಡಿಯುವುದೊಂದು ಬಾಕಿ.

"ನೋಡಿದ್ರಾ ಯಜಮಾನ್ರೇ?" ಅಂದ, ಮಗುವಿಗೆ ಹಲ್ಲು ಬಂದದ್ದನ್ನು ತೋರಿಸುವವನ ಹಾಗೆ. "ಬೈತಿದಾಳೆ. ನಾನು ನಿಧಾನ ಮಾಡಿದ್ನಲ್ಲ, ಅದಕ್ಕೆ."

"ಸರಿ ಮಾಡಿಸಪ್ಪ, ಕುತ್ತಿಗೆ ಉಳುಕೀತು."

"ಇಲ್ಲ ಇಲ್ಲ, ಅವಳ ಸ್ವಭಾವ ನಿಮಗೆ ಗೊತ್ತಿಲ್ಲ. ಹಾರ್ನ್ ಹೊಡೆದ್ರೆ ಜಗ್ತಾಳೆ, ಹಾರ್ನ್ ಹೊಡೆಯೋರನ್ನ ಕಂಡ್ರೆ ಅವಳಿಗೆ ಆಗ್ತಿರ್ಲಿಲ್ಲ. ಎ.ಸಿ. ಹಾಕಿದ್ರೆ ಇನ್ನೂ ಜೋರು. ಕಿಟಕಿ ತೆಗೀರಿ, ಗಾಳಿ ಇಲ್ವಾ ಅನ್ನೋಳು. ಲೈಟ್ ಹಾಕಿದ್ರಂತೂ ಮೂರನೇ ಗೇರಲ್ಲಿ ಕೂತು ಅಲ್ಲಾಡೋದೇ ಇಲ್ಲ, ಮುನಿಸು. ಬೆಳಿಗ್ಗೆ ಹೊತ್ತು ಮಾತ್ರ ಒಳ್ಳೆ ಮೂಡಲ್ಲಿರ್ತಾಳೆ. ಮೊದಲಿಂದ ಹಾಗೇ."

ಅಚ್ಚಾದ ಪುಸ್ತಕದಲ್ಲಿ ತಪ್ಪು ಕಂಡರೂ ಸುಮ್ಮನಿರಬೇಕಾದ ಸಂದರ್ಭಗಳು ಇರುತ್ತವೆ.

ಟೀಚರಮ್ಮನ ತಮ್ಮನಿಗೆ ಅಂಥ ಸಂಯಮವಿರಲಿಲ್ಲ. ಭಾವನಿಗೆ ತಲೆ ಕೆಟ್ಟಿದೆ, ಗಾಡಿ ಮಾರಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸಿ ಗಿರಾಕಿಯೊಬ್ಬನನ್ನು ಹಿಡಿದುಕೊಂಡೇ ಬಂದ. ಓಡಿಸಿ ನೋಡಬೇಕೆಂದು ಗಿರಾಕಿ ಸ್ಟಿಯರಿಂಗ್ ಹಿಡಿದ, ನಿಧಾನಪ್ಪ ಪಕ್ಕದಲ್ಲಿ ಕೂತ. ಬೀದಿಯ ತಿರುವಿನಲ್ಲಿ ಗಿರಾಕಿ ಹಾರ್ನ್ ಹೊಡೆದ, ಗಾಡಿ ಜಗ್ಗಿತು.

"ತಪ್ಪು ತಿಳ್ಕೋಬೇಡಿ," ಎಂದ ನಿಧಾನಪ್ಪ ವಿನಯದಿಂದ. "ನಮ್ಮ ಮನೆಯೋಳಿಗೆ ಹೊಸಬರ ಕಾಲು ಹಿಡಿಸಲ್ಲ."

"ನಿಮ್ಮ ಮನೆಯೋರಾ? ಅವ್ರು ತೀರ್ಕೊಂಡ್ರು ಅಂದ್ರಲ್ಲ ನಿಮ್ಮ ಭಾವಮೈದ?"

"ಹೌದು, ಪಾಪ. ಮೆಲ್ಲಗೆ ಒತ್ತಿ, ಕೇಳಿಸ್ಕೋತಾಳೆ."

ಗಿರಾಕಿ ಗಾಡಿಯನ್ನು ಅಲ್ಲೇ ಬಿಟ್ಟು ಇಳಿದು ನಡೆದೇ ಹೋದ. ಭಾವಮೈದ ನಮ್ಮ ಮನೆ ಜಗಲಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ನನ್ನ ಅಕ್ಕನ್ನ ಕಳ್ಕೊಂಡಿದ್ದು ನಾನೂ ಅಲ್ವಾ? ನಾನೇನು ಫ್ರಿಜ್ ಜೊತೆ ಮಾತಾಡ್ತೀನಾ?" ಎಂದ. ಆಮೇಲೆ ಕಣ್ಣು ಒರೆಸಿಕೊಂಡು ಊರಿಗೆ ಹೋದ.

ಅತ್ತೆ ಈ ವಿಷಯದಲ್ಲಿ ಯಾವ ಅಭಿಪ್ರಾಯವನ್ನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಅಳಿಯ ಕೆಲಸಕ್ಕೆ ಹೋಗಿದ್ದಾಗ, ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಒಬ್ಬರೇ ಕೂತಿದ್ದನ್ನು ನಮ್ಮ ಕಿಟಕಿಯಿಂದ ಕಂಡೆ. ಮುಂದಿನ ಸೀಟಿನ ಬೆನ್ನ ಮೇಲೆ ಕೈ ಇಟ್ಟು, ಮೆಲ್ಲಗೆ ಸವರುತ್ತಿದ್ದರು. ನೋಡಬಾರದ್ದನ್ನು ನೋಡಿದವನಂತಾಗಿ ನಾನು ಪರದೆ ಎಳೆದುಬಿಟ್ಟೆ.

ಹೀಗೇ ನಡೆದಿದ್ದರೆ ನಡೆಯುತ್ತಿತ್ತೇನೋ. ಅತ್ತೆಯ ಕಣ್ಣಿಗೆ ಪೊರೆ ಬಂದು, ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಯಿತು. ನನಗೂ ಕನ್ನಡಕ ಬದಲಿಸುವುದಿತ್ತು. ಬಿಟ್ಟಿ ಸಿಕ್ಕ ಸವಾರಿ ಎಂದು ಮುಂದಿನ ಸೀಟಿನಲ್ಲಿ ಕೂತೆ. ನನ್ನ ಬುದ್ಧಿಗೆ ನಾನೇ ಹೊಡೆದುಕೊಳ್ಳಬೇಕು. ದಾರಿಯಲ್ಲಿ ಮಳೆ ಹಿಡಿಯಿತು. ವೈಪರ್ ಹಾಕಿದ, ಲೈಟ್ ಹಾಕಿದ, ಗಾಜು ಮಂಜಾಯಿತೆಂದು ಎ.ಸಿ. ಹಾಕಿದ. ದೊಡ್ಡ ವೃತ್ತದ ನಟ್ಟನಡುವೆ ಯಾರೋ ಅಡ್ಡ ಬಂದರೆಂದು ಹಾರ್ನನ್ನೂ ಒತ್ತಿದ. ಗಾಡಿ ಒಮ್ಮೆ ಬಲವಾಗಿ ಜಗ್ಗಿ, ಮೂರನೇ ಗೇರಿನಲ್ಲಿ ನರಳುತ್ತಾ ನಾಲ್ಕು ಮಾರು ತೆವಳಿ, ಎಂಜಿನ್ ಸಹಿತ ನಿಂತುಹೋಯಿತು. ಎಡಗಡೆಯಿಂದ ಬಂದ ಲಾರಿಯೊಂದು ಕೀರೆಂದು ಬ್ರೇಕ್ ಹಾಕಿ, ಅತ್ತೆ ಕೂತಿದ್ದ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅತ್ತೆ ಕೂಗಲಿಲ್ಲ. ಕಿಟಕಿಯಾಚೆ ಬಂದು ನಿಂತ ಆ ದೊಡ್ಡ ಬಂಪರನ್ನು ಮಂಜುಗಣ್ಣಿನಿಂದ ನೋಡಿದರು ಅಷ್ಟೇ.

ಟ್ರಾಫಿಕ್ ಪೊಲೀಸ್ ಓಡಿ ಬಂದ. ಕೆಟ್ಟ ಗಾಡಿ ಎಳೆಯುವವನೂ ಬಂದ. ಅವನು ಬಾನೆಟ್ ಎತ್ತಿ, "ಮೊದಲು ಬ್ಯಾಟರಿ ವೈರ್ ಬಿಚ್ಬೇಕು," ಎಂದು ಸ್ಪ್ಯಾನರ್ ತೆಗೆದನೋ ಇಲ್ಲವೋ, ನಿಧಾನಪ್ಪ ಎಂಜಿನ್ ಮೇಲೆ ಬೋರಲು ಬಿದ್ದ.

"ಬಿಚ್ಬೇಡಿ! ನನ್ನ ಹೆಂಡತಿ ಒಳಗಿದಾಳೆ!"

ಪೊಲೀಸಿನವನು ಹಿಂದಿನ ಸೀಟಿಗೆ ಇಣುಕಿದ. "ಇವ್ರಾ?"

"ಅಲ್ಲ, ಇವ್ರು ನಮ್ಮತ್ತೆ. ಹೆಂಡತಿ ಕೆಳಗಿದಾಳೆ. ಡಬ್ಬೀಲಿ."

"ಡಬ್ಬೀಲಾ?" ಪೊಲೀಸಿನವನ ಬಾಯಿಂದ ಸೀಟಿ ಜಾರಿತು. "ಯಾವಾಗಿಂದ?"

"ತೀರ್ಕೊಂಡಾಗಿಂದ ಸಾರ್."

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಎಳೆಯುವವನು ಸ್ಪ್ಯಾನರ್ ಬಿಸಾಕಿ ಹಿಂದಕ್ಕೆ ಹಾರಿದ. ಗಾಡಿಯೊಳಗೆ ಹೆಣವಿದೆಯಂತೆ ಎಂಬ ಸುದ್ದಿ ವೃತ್ತದ ನಾಲ್ಕೂ ದಿಕ್ಕಿಗೆ ಹೋಯಿತು, ಬಸ್ಸುಗಳಿಂದ ಜನ ಇಳಿದು ಬಂದರು. ಮಳೆಯಲ್ಲಿ ನೆನೆಯುತ್ತಾ ಒಬ್ಬ, ತನಗೆ ವಾಸನೆ ಬೆಳಿಗ್ಗೆಯೇ ಬಂದಿತ್ತೆಂದು ಸಾಕ್ಷಿ ಹೇಳಿದ. ನಾನು ಕನ್ನಡಕ ತೆಗೆದು, ಏನೂ ಕಾಣದವನ ಮುಖ ಮಾಡಿಕೊಂಡು, ಈ ಗಾಡಿಗೂ ನನಗೂ ಸಂಬಂಧವಿಲ್ಲವೆಂಬಂತೆ ಕೂತೆ. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಬಂದರು. ನಿಧಾನಪ್ಪ ಡಬ್ಬಿ, ಕಾಲು, ನೆನಪು ಎಂದು ತನ್ನ ವೇಗದಲ್ಲಿ ವಿವರಿಸತೊಡಗಿದ. ಅವನು ಮುಗಿಸುವವರೆಗೆ ಊರಿನ ವಾಹನಗಳೆಲ್ಲ ನಿಲ್ಲಲಾರವು ಎಂದು ಕಂಡ ಇನ್ಸ್‌ಪೆಕ್ಟರ್ ಅತ್ತೆಯ ಕಿಟಕಿಗೆ ಬಗ್ಗಿದರು.

"ಏನಮ್ಮಾ, ನಿಜ ಹೇಳಿ. ನಿಮ್ಮ ಮಗಳು ಎಲ್ಲಿ?"

ಅತ್ತೆ ಕಿಟಕಿ ಗಾಜು ಇಳಿಸಿದರು.

"ಅಳಿಯಂದ್ರು ಇದ್ರಲ್ಲೇ ಇದಾಳೆ ಅಂತಾರೆ," ಎಂದರು. "ನಾನೂ ಬಂದು ಕೂತು ನೋಡ್ದೆ. ನಂಗೆ ಸಿಗಲಿಲ್ಲ ಸಾರ್."

ಇನ್ಸ್‌ಪೆಕ್ಟರ್ ಟೋಪಿ ತೆಗೆದರು. ಮಳೆ ಅವರ ಬೋಳುತಲೆಯ ಮೇಲೆ ಸುರಿಯುತ್ತಿತ್ತು. ನನ್ನ ಕಡೆ ನೋಡಿದರು, ನಾನು ಕೊನೆಗೂ ಬಾಯಿಬಿಟ್ಟು ಎಲ್ಲವನ್ನೂ ನೆಟ್ಟಗೆ ಹೇಳಿದೆ. ಕೇಳಿದ ಮೇಲೆ ಅವರು ಪೊಲೀಸಿನವರ ಕಡೆ ತಿರುಗಿ, ಯಾರ ಮೇಲೋ ಸಿಟ್ಟು ಬಂದವರ ಹಾಗೆ ಗುಡುಗಿದರು. "ಏನ್ ನೋಡ್ತಾ ನಿಂತಿದೀರಿ? ಬ್ಯಾಟರಿ ಮುಟ್ಟಬೇಡಿ. ತಳ್ಳಿ!"

ಹಾಗಾಗಿ ನಾವು ಮೂವರೂ ಪೊಲೀಸರಿಂದ ತಳ್ಳಿಸಿಕೊಂಡು ಮೆರವಣಿಗೆಯಲ್ಲಿ ಬೀದಿಗೆ ಬಂದೆವು. ಬೀದಿಯವರು ನಕ್ಕರು, ನಾನೂ ನಗುತ್ತಿದ್ದೆನೇನೋ. ನಿಧಾನಪ್ಪ ಮಾತ್ರ ಅತ್ತೆಯನ್ನು ಇಳಿಸಿಕೊಂಡು, ಅವರು ಕೂತಿದ್ದ ಬಾಗಿಲನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ಲಾರಿ ಒಂದು ಗೇಣಿನಲ್ಲಿ ತಪ್ಪಿತ್ತು. ಹೆಂಡತಿಯನ್ನು ಉಳಿಸಿಕೊಳ್ಳಲು ಹೋಗಿ ಅವಳ ತಾಯಿಯನ್ನು ಕೊಲ್ಲುತ್ತಿದ್ದೆ ಎಂಬುದು ಅವನ ತಲೆಗೆ ಮೆಲ್ಲಗೆ, ಅವನ ಎಲ್ಲ ವಿಚಾರಗಳ ಹಾಗೆ ಮೆಲ್ಲಗೆ ಹೊಕ್ಕಿತು. ಸಂಜೆ ಬಂದು, "ನರತಜ್ಞನ್ನ ಕರೀರಿ ಯಜಮಾನ್ರೇ. ನಂಗೆ ಧೈರ್ಯ ಇಲ್ಲ," ಎಂದ.

ನರತಜ್ಞ ಮಾರನೆಯ ದಿನ ಬೆಳಿಗ್ಗೆ ಕರೆಂಟ್ ಅಳೆಯುವ ಮೀಟರ್ ಹಿಡಿದು ಬಂದ. ಗಾಡಿಗೆ ಏನೇನು ಆಗುತ್ತದೆ ಎಂದು ಕೇಳಿದ. ನಿಧಾನಪ್ಪ ಹೆಂಡತಿಯ ಸ್ವಭಾವವನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಹಾರ್ನಿಗೆ ಸಿಟ್ಟು, ಎ.ಸಿ.ಗೆ ಸಿಟ್ಟು, ಲೈಟಿಗೆ ಮುನಿಸು, ಮಳೆಯಲ್ಲಿ ಪೂರ್ತಿ ಮಾತುಬಿಟ್ಟದ್ದು. ಕೇಳುತ್ತಾ ಕೇಳುತ್ತಾ ನರತಜ್ಞನ ಮುಖ ಇಳಿಯಿತು. ಅವನು ಪಾಂಡಿತ್ಯವನ್ನೆಲ್ಲ ಮರೆತು, ಮೊದಲ ಸಲ ಬಾನೆಟ್ ತೆರೆದ.

ಎಂಜಿನ್ ಹೇಗೋ ಶುರುಮಾಡಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ತುದಿಗೂ ಇನ್ನೊಂದನ್ನು ಗೇರ್‌ಬಾಕ್ಸಿನ ಮೈಗೂ ಹಿಡಿದ. "ಲೈಟ್ ಹಾಕಿ," ಎಂದ. ಅಂಕಿ ಏರಿತು. "ಎ.ಸಿ. ಹಾಕಿ." ಇನ್ನೂ ಏರಿತು. "ಹಾರ್ನ್." ಅಂಕಿ ಹಾರಿತು. ಜೀವನವಿಡೀ ಮೀಟರ್ ಓದಿದವನು ನಿಧಾನಪ್ಪ. ಏರಬಾರದ ಅಂಕಿ ಏರಿದರೆ ಎಲ್ಲೋ ಸೋರುತ್ತಿದೆ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ನರತಜ್ಞ ಕೈ ಹಾಕಿ, ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಹೋಗುವ ಅರ್ತ್ ತಂತಿಯನ್ನು ಮುಂದೆ ಎಳೆದು ತೋರಿಸಿದ. ಹಸಿರು ಕಿಲುಬು ಹಿಡಿದು, ಎಳೆಗಳೆಲ್ಲ ಕಿತ್ತು, ದಾರದಷ್ಟು ಮಾತ್ರ ಉಳಿದಿತ್ತು.

"ಕರೆಂಟ್ ವಾಪಸ್ ಹೋಗೋ ದಾರಿ ಸಾರ್ ಇದು. ಲೈಟು, ಹಾರ್ನು ಒಟ್ಟಿಗೆ ಎಳೆದ್ರೆ ಇಷ್ಟು ತಂತಿ ಸಾಲಲ್ಲ. ಗೇರ್ ಬದಲಿಸೋ ವಾಲ್ವಿಗೆ ಕರೆಂಟ್ ಸಾಲ್ದೆ ಜಗ್ಗುತ್ತೆ. ಪೂರ್ತಿ ಸಾಲದಿದ್ರೆ ಮೂರನೇ ಗೇರಲ್ಲಿ ನಿಂತುಬಿಡುತ್ತೆ."

"ಜಗ್ಗೋದು ಅವಳಲ್ವಾ?"

"ತಂತಿ ಸಾರ್."

ನಿಧಾನಪ್ಪ ತಂತಿಯನ್ನೇ ನೋಡಿದ. ಕನ್ನಡಕ ತೆಗೆದ, ಒರೆಸಲಿಲ್ಲ, ಹಾಗೇ ಹಿಡಿದುಕೊಂಡ. "ಆಗ್ಲಿ. ಆದ್ರೆ ಡಬ್ಬೀಲಿ ಇದಾಳಲ್ಲ? ಬ್ಯಾಟರಿ ಬಿಚ್ದೆ ತಂತಿ ಹಾಕಕ್ಕಾಗಲ್ವಾ?"

ನರತಜ್ಞ ಸುಳ್ಳು ಹೇಳಬಹುದಿತ್ತು. ಹೇಳಲೆಂದು ನಾನು ನಿಧಾನಪ್ಪನ ಹಿಂದಿನಿಂದ ಕಣ್ಸನ್ನೆ ಕೂಡ ಮಾಡಿದೆ. ಇಷ್ಟು ದಿನ ಬಾಯಿಗೆ ಬಂದದ್ದು ಹೇಳಿದ ಮನುಷ್ಯನಿಗೆ ಅವತ್ತೇ ಪ್ರಾಮಾಣಿಕತೆ ಉಕ್ಕಬೇಕೇ?

"ಡಬ್ಬಿ ಕಲಿಯೋದು ನಿಜ ಸಾರ್. ಆದ್ರೆ ಅದು ದಿನಾ ಕಲಿಯುತ್ತೆ. ಹೊಸಬರು ಓಡಿಸಿದ ಹಾಗೆ ಹಳೆಯೋರದ್ದು ಅಳಿಸ್ತಾ ಹೋಗುತ್ತೆ. ಅಮ್ಮಾವ್ರದ್ದು ಯಾವಾಗ್ಲೋ ಹೋಗಿರುತ್ತೆ. ನೀವು ದಿನಾ ಓಡಿಸಿದೀರಲ್ಲ... ಈಗ ಅದ್ರಲ್ಲಿ ಇರೋದು ನೀವು."

"ನಾನಾ?"

"ನೀವೇ ಸಾರ್."

"ದಿನಾ ಸಂಜೆ ಅವಳ ಜೊತೆ ಹೋಗ್ತೀನಿ ಅಂದ್ಕೊಂಡು... ನಾನೇ ಅವಳನ್ನ ಅಳಿಸ್ತಿದ್ನಾ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಿಧಾನಪ್ಪನ ಮುಖದಲ್ಲಿ ಕಂಡಂಥ ದುಃಖವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಅಪ್ಪಿಕೊಳ್ಳೋಣವೆನಿಸಿತು, ನಮ್ಮ ಬೀದಿಯ ಗಂಡಸರಿಗೆ ಅದು ಅಭ್ಯಾಸವಿಲ್ಲ. ಅವನ ಭುಜದ ಮೇಲಿನ ಧೂಳು ಕೊಡವಿದೆ, ಧೂಳಿರಲಿಲ್ಲ.

ಅವನು ಕನ್ನಡಕ ಹಾಕಿಕೊಂಡು, "ಹಾಗಾದ್ರೆ ಬಿಚ್ಚಪ್ಪಾ," ಎಂದ. "ನಾನು ಇದ್ರೆಷ್ಟು, ಹೋದ್ರೆಷ್ಟು."

ಹೊಸ ತಂತಿ ಬಿತ್ತು. ನರತಜ್ಞ ಕೂಲಿ ಬೇಡವೆಂದು ತಲೆ ತಗ್ಗಿಸಿಕೊಂಡು ಹೊರಟುಹೋದ. ಅಂದು ತಪ್ಪಿದ ಕಣ್ಣಿನ ಆಸ್ಪತ್ರೆಗೆ ಮತ್ತೆ ಹೊರಟೆವು. ಅವರು ಹಿಂದೆ ಕೂತರು, ನಾನು ಮುಂದೆ. ಗಾಡಿ ಹೊರಟಿತು. ಒಂದು, ಎರಡು, ಮೂರು. ಗೇರು ಬದಲಾದದ್ದೇ ತಿಳಿಯಲಿಲ್ಲ. ಇಷ್ಟು ದಿನದ ಅಭ್ಯಾಸಬಲದಿಂದ ನಾನು ಮುಂದಿನ ಹಲಗೆಗೆ ಎರಡೂ ಕೈ ಒತ್ತಿಕೊಂಡು ಕಾಯುತ್ತಿದ್ದೆ. ಏನೂ ಬರಲಿಲ್ಲ, ನನಗೂ ಹೇಗೋ ಆಯಿತು.

ನಿಧಾನಪ್ಪನ ಕಾಲು ಸಡಿಲವಾಯಿತು. ಗಾಡಿ ಮೆಲ್ಲಗಾಗುತ್ತಾ, ಆಗುತ್ತಾ, ರಸ್ತೆಯ ಮಧ್ಯೆಯೇ ಇರುವೆಯ ನಡಿಗೆಗೆ ಬಂತು.

"ಏನೂ ಅನ್ತಿಲ್ಲ ಯಜಮಾನ್ರೇ," ಎಂದ. "ಇಷ್ಟು ನಿಧಾನ ಹೋಗ್ತಿದೀನಿ, ಏನೂ ಅನ್ತಿಲ್ಲ."

ಆಗ ಹಿಂದಿನಿಂದ ಗುಡುಗಿದ ಹಾಗೆ ಒಂದು ದನಿ ಬಂತು.

"ಅಯ್ಯೋ, ಗಾಡಿ ಓಡಿಸ್ತಿದೀರೋ ತೊಟ್ಟಿಲು ತೂಗ್ತಿದೀರೋ! ಒತ್ರೀ ಕಾಲು!"

ನನ್ನ ಮೈ ಜುಮ್ಮೆಂದಿತು. ಟೀಚರಮ್ಮನದೇ ದನಿ, ಅದೇ ಗದರಿಕೆ, ಅದೇ ಎಳೆತ. ತಿರುಗಿ ನೋಡಿದರೆ ಅತ್ತೆ. ತಮ್ಮ ಬಾಯಿಂದ ಬಂದದ್ದು ಕೇಳಿ ತಾವೇ ಬೆಚ್ಚಿಬಿದ್ದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಮಗಳು ಆ ಗಂಟಲನ್ನು ಎಲ್ಲಿಂದ ತಂದಿದ್ದಳೆಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

ನಿಧಾನಪ್ಪ ಗಾಡಿ ನಿಲ್ಲಿಸಿಬಿಟ್ಟ. ಕನ್ನಡಿಯಲ್ಲಿ ಅವರನ್ನೇ ನೋಡಿದ. ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಇನ್ನೊಂದ್ ಸಲ ಬೈರಿ, ಅತ್ತೆ."

ಅತ್ತೆ ಕೈ ತೆಗೆದರು. ಬೈಯಬೇಕೆಂದು ನಿಜವಾಗಿಯೂ ಪ್ರಯತ್ನಪಟ್ಟರು, ಗಂಟಲು ಸರಿಮಾಡಿಕೊಂಡರು, ಉಸಿರು ಎಳೆದುಕೊಂಡರು. ಬಂದದ್ದು ಅವರ ಎಂದಿನ ಸಣ್ಣ ದನಿ, ಅದೂ ಅರ್ಧ.

"ಒತ್ತಿ ಅಳಿಯಂದ್ರೇ..." ಅಂದವರು ಮುಂದೆ ಹೇಳಲಾಗದೆ ಅಳತೊಡಗಿದರು.

ನಿಧಾನಪ್ಪ ಒತ್ತಿದ.